ಆ 'ನಾಲ್ಕು ಜನ' ಯಾರು?

(ದೊಡ್ಡಹಬ್ಬದ ಸೂಟಿಗೆ ಊರಿಗೆ ಬಂದಿದ್ದ ಯುವಕ ಯುವತಿಯರ ಕೂಟದಲ್ಲಿ, ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿ, ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನನ್ನನ್ನು ಕರೆದವರು 'ಕನ್ನಡ ಮತ್ತು ಮಾರುಕಟ್ಟೆ' ಎಂದು ವಿಷಯ ಕೊಟ್ಟಿದ್ದಾರೆ. ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಸೇರಿದವನಿಗೆ ಇದು ದೊಡ್ಡ ವಿಷಯವಾಯಿತು. ನನಗೆ ಗೊತ್ತಿರುವುದು ಚೀಟಿ. ಡಬ್ಬಕ್ಕೆ, ಬಾಟಲಿಗೆ, ಕೊಟ್ಟೆಗೆ ಅಂಟಿಸುವ ಲೇಬಲ್ಲು. ಅದರ ಮೇಲೇ ಮಾತಾಡುತ್ತೇನೆ. ಸೊಸೈಟಿಯ ಕಿರಾಣಿ ವಿಭಾಗದಲ್ಲಿ ಸೊಸೈಟಿಯದೇ ಹೆಸರಿನ ಚೀಟಿ ಹಚ್ಚಿದ ಬೇಳೆ, ಜೀರಿಗೆ, ಮೆಣಸಿನ ಪುಡಿ, ಚಹಾಪುಡಿ ಇರುತ್ತದೆ. ನಮ್ಮ ಜನ ಆ ಕೊಟ್ಟೆಯನ್ನು ಕೈಯಲ್ಲಿ ಹಿಡಿಯುತ್ತಾರೆ, ತಿರುಗಿಸಿ ನೋಡುತ್ತಾರೆ, ರೇಟು ಓದುತ್ತಾರೆ. ಆಮೇಲೆ ಅಲ್ಲೇ ಇಟ್ಟು, ಪಕ್ಕದ ಕಪಾಟಿನಿಂದ ಟಿ.ವಿ.ಯಲ್ಲಿ ಬರುವ ಹೆಸರಿನದನ್ನು ಎತ್ತಿಕೊಳ್ಳುತ್ತಾರೆ. ಯಾಕೆ?

'ಅದು ಚೊಲೋ ಇರ್ತು' ಎಂದು ಉತ್ತರ ಬರುತ್ತದೆ. ತಿಂದು ನೋಡಿ ಹೇಳಿದ ಮಾತಾದರೆ ನಾನು ಒಪ್ಪುತ್ತೇನೆ. ತಿನ್ನದೇ ಹೇಳಿದರೆ ಅದು ರುಚಿಯ ಮಾತಲ್ಲ, ಬೇರೆ ಏನೋ ಮಾತು. ಆ ಬೇರೆ ಏನೋ ಎಂಬುದನ್ನೇ ಇವತ್ತು ಬಿಚ್ಚಿ ನೋಡೋಣ.

ಅಂಗಡಿಯವನು ತಾನೇ ಮಾಡಿಸಿದ ಅಥವಾ ಸಗಟಿನಲ್ಲಿ ತಂದು ಪ್ಯಾಕ್ ಮಾಡಿದ ಮಾಲನ್ನು ತನ್ನದೇ ಹೆಸರಿನಲ್ಲಿ ಮಾರಿದರೆ ಅದಕ್ಕೆ ಸ್ಟೋರ್ ಬ್ರ್ಯಾಂಡ್ ಎನ್ನುತ್ತಾರೆ. ಜಾಹೀರಾತಿನ ಖರ್ಚಿಲ್ಲ, ಸ್ಟಾಕಿಸ್ಟ್, ಡಿಸ್ಟ್ರಿಬ್ಯೂಟರ್ ಎಂದು ನಡುವೆ ಕಮಿಶನ್ ತಿನ್ನುವವರು ಕಡಿಮೆ, ಕಪಾಟೂ ತನ್ನದೇ. ಆದ್ದರಿಂದ ನಾಲ್ಕು ಕಾಸು ಅಗ್ಗಕ್ಕೆ ಕೊಡಬಹುದು. ನೀವು ಬೆಂಗಳೂರಿನಲ್ಲಿ ಇದನ್ನು ದಿನಾ ತಿನ್ನುತ್ತಿದ್ದೀರಿ. ನಿಮ್ಮ ರೂಮಿನ ಅಡುಗೆಮನೆ ತೆರೆದು ನೋಡಿ. ಬಿಗ್ ಬಾಸ್ಕೆಟ್‌ನ 'ಬಿಬಿ ರಾಯಲ್' ತೊಗರಿಬೇಳೆ, ರಿಲಯನ್ಸಿನ 'ಗುಡ್ ಲೈಫ್', ಡಿ-ಮಾರ್ಟಿನ 'ಪ್ರೀಮಿಯಾ'. ಬಿಗ್ ಬಜಾರ್ ಇದ್ದ ಕಾಲದಲ್ಲಿ 'ಟೇಸ್ಟಿ ಟ್ರೀಟ್' ಇತ್ತು. 2022ರಲ್ಲಿ ಆ ಅಂಗಡಿಗಳೇ ಮುಚ್ಚಿದವು. ಇವೆಲ್ಲ ಅಂಗಡಿಯ ಹೆಸರಿನ ಮಾಲೇ ತಾನೆ? ಅವನ್ನು ಕೊಳ್ಳುವಾಗ ಯಾರಿಗೂ ನಾಚಿಕೆಯಾಗಲಿಲ್ಲ. 'ಇದು ಅಂಗಡಿಯವನ ಬೇಳೆ' ಎಂದು ಯಾರೂ ಮೂಗು ಮುರಿಯಲಿಲ್ಲ.

ಅಂದಮೇಲೆ ಸ್ಟೋರ್ ಬ್ರ್ಯಾಂಡ್ ಎಂಬುದರ ಮೇಲೆ ನಿಮಗೆ ತಕರಾರಿಲ್ಲ. ಯಾರ ಸ್ಟೋರು, ಯಾವ ಅಕ್ಷರ ಎಂಬುದರ ಮೇಲೆ ತಕರಾರು. ಮುಂಬಯಿಯ ಕಂಪನಿಯ ಅಂಗಡಿಯದಾಗಿ ಇಂಗ್ಲಿಷಿನ ಹೆಸರಿದ್ದರೆ ಅದು 'ಸ್ಮಾರ್ಟ್' ಖರೀದಿ. ನಮ್ಮಪ್ಪ, ಅಜ್ಜ ಷೇರು ಹಾಕಿ ಕಟ್ಟಿದ ಸೊಸೈಟಿಯದಾಗಿ ಕನ್ನಡದ ಚೀಟಿ ಇದ್ದರೆ ಅದು 'ಸೊಸೈಟಿ ಮಾಲು'!

ಈ 'ಸೊಸೈಟಿ ಮಾಲು' ಎಂಬ ಮಾತಿನ ಧ್ವನಿ ಗಮನಿಸಿ. ಅದರಲ್ಲಿ ಸೀಮೆಎಣ್ಣೆಯ ವಾಸನೆ ಇದೆ. ಕರ್ನಾಟಕದ ಎಷ್ಟೋ ಊರಿನಲ್ಲಿ ಸೊಸೈಟಿ ಎಂದರೆ ರೇಶನ್ ಅಂಗಡಿ, ಸೊಸೈಟಿ ಅಕ್ಕಿ ಎಂದರೆ ಸಾಲಿನಲ್ಲಿ ನಿಂತು ತಂದ ಅಕ್ಕಿ. 1962ರ ಚೀನಾ ಯುದ್ಧದ ಹೊತ್ತಿಗೆ ಬೆಲೆ ಹಿಡಿತದಲ್ಲಿಡಲು ಕೇಂದ್ರ ಸರ್ಕಾರ ದೇಶದ ತುಂಬ ಗ್ರಾಹಕರ ಸಹಕಾರಿ ಮಳಿಗೆಗಳಿಗೆ ಕುಮ್ಮಕ್ಕು ಕೊಟ್ಟಿತು. ನಮ್ಮ ನಗರಗಳಲ್ಲಿ ಜನತಾ ಬಜಾರುಗಳು ಬಂದವು. ಒಳ್ಳೆಯ ಕೆಲಸ. ಆದರೆ 'ಜನತಾ' ಎಂದರೆ ಬಡವರಿಗೆ, 'ಕಂಟ್ರೋಲ್' ಎಂದರೆ ಕಳಪೆ ಎಂಬ ಅರ್ಥ ಅಂಟಿಕೊಂಡಿತು. ಮದುವೆಗೆ ಕಂಟ್ರೋಲ್ ಸೀರೆ ಉಟ್ಟುಕೊಂಡು ಯಾರು ಹೋಗುತ್ತಾರೆ? ಹೀಗೆ ಮೂವತ್ತು ನಲವತ್ತು ವರ್ಷ ಕೂತ ಮಸಿ ಒಂದು ಚೀಟಿ ಬದಲಿಸಿದರೆ ಹೋಗುವುದಿಲ್ಲ.

ನಮ್ಮ ಮೂರು ತಾಲೂಕುಗಳ ಕತೆಯಂತೂ ಬೇರೆಯೇ. ಇಲ್ಲಿ ಸೊಸೈಟಿ ಹುಟ್ಟಿದ್ದು ರೇಶನ್ನಿಗಲ್ಲ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ನಾವೆಲ್ಲ ಟಿ.ಎಸ್.ಎಸ್. ಎನ್ನುವುದು, 1923ರಲ್ಲಿ ಹುಟ್ಟಿದ್ದು. ಅಡಿಕೆ ಬೆಳೆದವನಿಗೆ ಸರಿಯಾದ ತೂಕ, ಸರಿಯಾದ ದರ ಸಿಗಲಿ, ದಲಾಲರ ಕೈಯಿಂದ ಬಿಡುಗಡೆಯಾಗಲಿ ಎಂದು. ಅದಕ್ಕೂ ಮೊದಲು 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದರು. ದೇಶಕ್ಕೇ ಮಾದರಿಯಾದ ಕೆಲಸ ಅದು. ಸಹಕಾರ ಎಂಬುದು ಕನ್ನಡಿಗನಿಗೆ ಭಿಕ್ಷೆಯಾಗಿ ಬಂದದ್ದಲ್ಲ, ತಲೆ ಎತ್ತಿ ನಿಲ್ಲಲು ಅವನೇ ಕಟ್ಟಿಕೊಂಡದ್ದು. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅಡಿಕೆ ಮಾರುವಾಗ ಸೊಸೈಟಿ ಎಂದರೆ ನಮಗೆ ಹೆಮ್ಮೆ. ಅದೇ ಸೊಸೈಟಿಯ ಬಾಗಿಲಲ್ಲಿ ಸಾಸಿವೆ ಕೊಳ್ಳುವಾಗ ಹೆಮ್ಮೆ ಎಲ್ಲಿ ಹೋಯಿತು?

ಕಾಣುವ ಮಾಲು, ಕಾಣದ ಮಾಲು

ಈ ಮನಸ್ಸಿನ ವ್ಯವಹಾರದ ಮೇಲೆ ದೊಡ್ಡ ಓದು ನಡೆದಿದೆ. ಫಿಶ್‌ಬೈನ್, ಐಜೆನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 1975ರಲ್ಲಿ ಒಂದು ಪುಸ್ತಕ ಬರೆದರು, ಆಮೇಲೆ ಐಜೆನ್ ಅದನ್ನೇ 1991ರ ಲೇಖನದಲ್ಲಿ ಇನ್ನಷ್ಟು ಬೆಳೆಸಿದರು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮನುಷ್ಯ ಒಂದು ಕೆಲಸ ಮಾಡಲು ಮನಸ್ಸು ಮಾಡುವಾಗ ಮೂರು ತಕ್ಕಡಿ ತೂಗುತ್ತವೆ. ಒಂದು, ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಅವನ ಸ್ವಂತ ಅಭಿಪ್ರಾಯ. ಎರಡು, ತನಗೆ ಬೇಕಾದವರು ಏನೆನ್ನುತ್ತಾರೆ ಎಂಬ ಅಂಜಿಕೆ. ಮೂರು, ಮಾಡಲು ತನ್ನ ಕೈಲಾಗುತ್ತದೋ ಇಲ್ಲವೋ ಎಂಬ ಲೆಕ್ಕ. ಸ್ಟೋರ್ ಬ್ರ್ಯಾಂಡ್ ಕೊಳ್ಳುವ ಬಗ್ಗೆ ಅನೇಕ ದೇಶಗಳಲ್ಲಿ ಇದೇ ತಕ್ಕಡಿ ಹಿಡಿದು ತೂಗಿದ್ದಾರೆ.

ಮೂರನೆಯದನ್ನು ಬೇಗ ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಅದು ತೊಡಕಲ್ಲ. ಸೊಸೈಟಿ ಊರಿನಲ್ಲೇ ಇದೆ, ಅಡಿಕೆ ಇಟ್ಟವನು ಖಾತೆಗೆ ಬರೆಸಿ ಸಾಮಾನು ತರಬಹುದು, ಅಡಿಕೆ ಮಾರಿದಾಗ ಮುರಿದುಕೊಳ್ಳುತ್ತಾರೆ. ಆದರೆ ಇದರಲ್ಲೇ ಒಂದು ಗಮ್ಮತ್ತಿದೆ. ಕೈಯಲ್ಲಿ ರೊಕ್ಕ ಇಲ್ಲದವರು ಖಾತೆಗೆ ಬರೆಸುತ್ತಾರೆ, ರೊಕ್ಕ ಇದ್ದವರು ಪೇಟೆಗೆ ಹೋಗುತ್ತಾರೆ ಎಂದು ಜನ ಎಣಿಸುತ್ತಾರೆ. ಹೀಗೆ ಅನುಕೂಲವೇ ಅವಮಾನವಾಗಿ ಕುಳಿತಿದೆ.

ನಿಜವಾದ ತೂಕ ಇರುವುದು ಎರಡನೆಯ ತಕ್ಕಡಿಯಲ್ಲಿ. 'ನಾಲ್ಕು ಜನ ಏನಂತಾರೆ?' ನಮ್ಮ ಸೀಮೆಯಲ್ಲಿ ಮನೆ ಕಟ್ಟುವುದರಿಂದ ಹಿಡಿದು ಮದುವೆ ಊಟದ ಪಟ್ಟಿಯವರೆಗೆ ತೀರ್ಮಾನ ಮಾಡುವವರು ಈ ನಾಲ್ಕು ಜನರೇ. ಚಹಾಪುಡಿಯನ್ನೂ ಅವರೇ ತೀರ್ಮಾನಿಸುತ್ತಾರೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಒಂದು ಮನೆಯ ಸಾಮಾನು ಚೀಟಿಯನ್ನು ಎರಡು ಭಾಗ ಮಾಡಿ ನೋಡಿ. ನೆಂಟರ ಕಣ್ಣಿಗೆ ಬೀಳದ್ದು: ಉಪ್ಪು, ಸಾಸಿವೆ, ಫಿನೈಲು, ಬಟ್ಟೆ ಒಗೆಯುವ ಪುಡಿ, ದನಕ್ಕೆ ಹಿಂಡಿ. ಇವು ಯಾವ ಹೆಸರಿನವಾದರೂ ನಡೆಯುತ್ತದೆ, ಸೊಸೈಟಿಯದೇ ಬರುತ್ತದೆ. ನೆಂಟರ ಕಣ್ಣಿಗೆ ಬೀಳುವುದು: ಆಸ್ರಿಗೆ ಮಾಡುವ ಚಹಾದ ಪುಡಿ, ಅದರ ಜತೆಗಿಡುವ ಬಿಸ್ಕತ್ತು, ಕೈ ತೊಳೆಯುವ ಸಾಬೂನು, ಮಕ್ಕಳ ಕೈಗೆ ಕೊಡುವ ಚಾಕಲೇಟು. ಇಲ್ಲಿ ಮಾತ್ರ ಟಿ.ವಿ. ಹೆಸರೇ ಬೇಕು. ಒಂದೇ ಮನೆ, ಒಂದೇ ಪರ್ಸು, ಒಂದೇ ನಾಲಿಗೆ. ಸೊಸೈಟಿಯ ಮಾಲು ಕೆಟ್ಟದ್ದೇ ಆಗಿದ್ದರೆ ಸಾಂಬಾರಿಗೆ ಹೇಗೆ ಆಯಿತು? ಒಳ್ಳೆಯದೇ ಆಗಿದ್ದರೆ ಚಹಾಕ್ಕೆ ಯಾಕೆ ಆಗಲಿಲ್ಲ? ಚಹಾಪುಡಿಯಂತೂ ಕುದಿದು ಸೋಸಿದ ಮೇಲೆ ಹೆಸರೇ ಉಳಿಯದ ಪದಾರ್ಥ! ಆದರೂ ಡಬ್ಬ ಕಾಣುವಂತೆ ಇಟ್ಟಿರುತ್ತೇವೆ.

ಕವಳದ ಬಟ್ಟಲಿಗೆ ಮಾತ್ರ ಈ ಅಂಜಿಕೆ ಇಲ್ಲ. ಎಲೆ, ಅಡಿಕೆ ನಮ್ಮ ತೋಟದ್ದು ಎಂದು ಎದೆ ತಟ್ಟಿ ಮುಂದಿಡುತ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿಗೆ, ಜೋನಿಬೆಲ್ಲಕ್ಕೆ, ತೊಡೆದೇವಿಗೆ ಕಂಪನಿಯ ಹೆಸರು ಬೇಕಾಗಲಿಲ್ಲ. ಅವುಗಳ ವಿಷಯದಲ್ಲಿ ತೀರ್ಪು ಕೊಡುವವರು ನಾವು. ಬಿಸ್ಕತ್ತಿನ ವಿಷಯದಲ್ಲಿ ತೀರ್ಪನ್ನು ಟಿ.ವಿ.ಗೆ ಬಿಟ್ಟುಕೊಟ್ಟಿದ್ದೇವೆ.

ಆದರೆ ಅಪ್ಪೆಮಿಡಿಯೂ ಚೀಟಿ ಹಚ್ಚಿಕೊಂಡ ಕೂಡಲೇ ಕೀಳರಿಮೆಗೆ ಬೀಳುವುದನ್ನು ನಾನು ಕಂಡಿದ್ದೇನೆ. ಉಪ್ಪಿನಕಾಯಿ ಮಾಡುವ ಹೆಂಗಸರ ಗುಂಪೊಂದು ಲೇಬಲ್ ಮಾಡಿಸಲು ಬಂದಿತ್ತು. ಕನ್ನಡದಲ್ಲಿ ದೊಡ್ಡಕ್ಷರ, ಇಂಗ್ಲಿಷಿನಲ್ಲಿ ಸಣ್ಣಕ್ಷರ ಎಂದು ನಾನು ಡಿಸೈನ್ ತೋರಿಸಿದೆ. 'ಚಂದ ಇದೆ, ಆದರೆ ಇಂಗ್ಲಿಷೇ ದೊಡ್ಡದಿರಲಿ, ಇಲ್ಲದಿದ್ದರೆ ಜನ ರೇಟಿಗೆ ಚೌಕಾಶಿ ಮಾಡುತ್ತಾರೆ' ಎಂದರು. ಕೊನೆಗೆ ಎರಡೂ ಬಗೆ ಮಾಡಿದೆವು. ಅದೇ ಮಿಡಿ, ಅದೇ ಉಪ್ಪು, ಅದೇ ಬಾಟಲಿ. ಮಾರಿದ ಮೇಲೆ ಅವರು ಬಂದು ಹೇಳಿದ್ದು ಇದು: ಮನೆಗೆ ಒಯ್ಯುವವರು ಕನ್ನಡದ ಚೀಟಿಯದನ್ನು ಒಯ್ದರು, ಬೆಂಗಳೂರಿನ ಸಾಹೇಬರಿಗೆ, ಅಮೆರಿಕದ ಮಗಳ ಮನೆಗೆ ಕಳಿಸುವವರು ಇಂಗ್ಲಿಷ್ ಚೀಟಿಯದನ್ನು ಒಯ್ದರು. ನಮ್ಮ ಭಾಷೆ ನಮಗೆ ಅಡುಗೆಮನೆಯಲ್ಲಿ ಬೇಕು, ಜಗಲಿಯಲ್ಲಿ ಬೇಡ. ಹತ್ತು ಭಾಷಣ ಕೇಳಿದರೂ ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ಚೀಟಿಯ ಹಿಂದಿನ ಲೆಕ್ಕ

ಈಗ ನನ್ನ ಕಸುಬಿನ ಮಾತು. ದೊಡ್ಡ ಕಂಪನಿಯ ಮಿರುಗುವ ಕೊಟ್ಟೆಯನ್ನು ನಮ್ಮಂಥ ಸಣ್ಣ ಪ್ರೆಸ್ಸಿನಲ್ಲಿ ಮುದ್ರಿಸುವುದಿಲ್ಲ. ಅದಕ್ಕೆ ಗ್ರೇವ್ಯೂರ್ ಯಂತ್ರ ಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸಬೇಕು, ಆ ಖರ್ಚು ಗಿಟ್ಟಲು ರಾಶಿ ರಾಶಿ ಮುದ್ರಿಸಬೇಕು. ಸಣ್ಣ ಸೊಸೈಟಿಗೆ ಅಷ್ಟು ಮಾರಾಟ ಇಲ್ಲ. ಅದು ಬರೀ ಪಾರದರ್ಶಕ ಕೊಟ್ಟೆ ತಂದು, ನನ್ನಂಥವನ ಹತ್ತಿರ ಒಂದೆರಡು ಬಣ್ಣದ ಚೀಟಿ ಹೊಡೆಸಿ, ಅಂಟು ಹಚ್ಚಿ ಕೂರಿಸುತ್ತದೆ. ಆ ಚೀಟಿ ಸ್ವಲ್ಪ ಸೊಟ್ಟಗಾದರೂ ಸಾಕು, ನಮ್ಮ ಕಣ್ಣು 'ಇದು ಎರಡನೇ ದರ್ಜೆ' ಎಂದು ತೀರ್ಪು ಕೊಟ್ಟುಬಿಡುತ್ತದೆ. ತಮಾಷೆ ನೋಡಿ: ಪಾರದರ್ಶಕ ಕೊಟ್ಟೆಯಲ್ಲಿ ಬೇಳೆ ಕಾಣುತ್ತದೆ, ಹುಳ ಇದ್ದರೆ ಹುಳವೂ ಕಾಣುತ್ತದೆ. ಮಿರುಗುವ ಕೊಟ್ಟೆಯೊಳಗೆ ಏನಿದೆ ಎಂದು ಒಡೆದ ಮೇಲೇ ಗೊತ್ತು. ಕಾಣುವುದನ್ನು ನಂಬುವುದಿಲ್ಲ, ಕಾಣದ್ದನ್ನು ನಂಬುತ್ತೇವೆ!

ಇನ್ನೊಂದು ಗುಟ್ಟು. 'ಕನ್ನಡ ಹಾಕಿದರೆ ಖರ್ಚು ಹೆಚ್ಚಾಗುತ್ತದೆ' ಎಂದು ಕಂಪನಿಗಳ ಕಡೆಯವರು ಹೇಳಿದರೆ ಸುಮ್ಮನೆ ತಲೆಯಾಡಿಸಬೇಡಿ. ಅಕ್ಷರ ಸಾಮಾನ್ಯವಾಗಿ ಕಪ್ಪು ಬಣ್ಣದಲ್ಲಿ ಬರುತ್ತದೆ. ಹೊಸ ಕೊಟ್ಟೆ ಕೆತ್ತಿಸುವಾಗ ಆ ಒಂದು ಬಣ್ಣದ ಸಿಲಿಂಡರಿನಲ್ಲೇ ಕನ್ನಡದ ನಾಲ್ಕು ಸಾಲನ್ನೂ ಸೇರಿಸಿ ಕೆತ್ತಿಸಿದರೆ ಮುಗಿಯಿತು, ಸಿಲಿಂಡರಿನ ಸಂಖ್ಯೆ ಹೆಚ್ಚಾಗುವುದಿಲ್ಲ. ಬೇಕಾಗಿರುವುದು ಒಂದಿಷ್ಟು ಜಾಗ, ಒಬ್ಬ ಕನ್ನಡ ಬಲ್ಲ ಕರಡು ತಿದ್ದುವವನು. ಆ ಎರಡನೆಯವನನ್ನು ಇಟ್ಟುಕೊಳ್ಳದೇ ಇರುವುದರಿಂದ ಒತ್ತಕ್ಷರ ಮುರಿದು, ಅರ್ಕಾವತ್ತು ಎಲ್ಲೋ ಹಾರಿ ಕೂತ ಕನ್ನಡವನ್ನು ನಾವು ಪೊಟ್ಟಣಗಳ ಮೇಲೆ ಓದುತ್ತಿದ್ದೇವೆ. ನೋಡಿದವನಿಗೆ ಕನ್ನಡವೇ ಕಳಪೆ ಎನಿಸುತ್ತದೆ. ಇದೂ ಒಂದು ಬಗೆಯ ಪೆಟ್ಟು.

ಚೀಟಿಯ ಹಿಂಬದಿ ಓದುವುದನ್ನು ರೂಢಿ ಮಾಡಿಕೊಳ್ಳಿ. ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರು ಇರಬೇಕು, ತಯಾರಿಸಿದವರು ಯಾರು, ಮಾರುವವರು ಯಾರು ಎಂದು ಬೇರೆ ಬೇರೆ ಬರೆದಿರುತ್ತದೆ. ದೊಡ್ಡ ಹೆಸರಿನ ಎಷ್ಟೋ ಮಾಲನ್ನು ಆ ಹೆಸರಿನವರು ತಯಾರಿಸಿರುವುದೇ ಇಲ್ಲ. ಯಾವುದೋ ಊರಿನ ಕಾರ್ಖಾನೆ ಅವರಿಗಾಗಿ ಮಾಡಿಕೊಡುತ್ತದೆ, ಅದೇ ಕಾರ್ಖಾನೆ ಬೇರೆ ಅಂಗಡಿಯ ಹೆಸರಿಗೂ ಮಾಡಿಕೊಡುತ್ತದೆ. ಮುಂಬದಿಯ ಬಣ್ಣಕ್ಕೆ ರೊಕ್ಕ ಕೊಡುತ್ತಿದ್ದೇವೋ ಒಳಗಿನ ಮಾಲಿಗೋ ಎಂಬುದನ್ನು ಹಿಂಬದಿಯ ಸಣ್ಣಕ್ಷರ ಹೇಳುತ್ತದೆ. 1964ರಲ್ಲಿ ಅಮೆರಿಕದ ಅಲಿಸನ್, ಉಲ್ ಎಂಬಿಬ್ಬರು ಬಿಯರ್ ಕುಡಿಯುವವರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಬಾಟಲಿಯ ಚೀಟಿ ಕಿತ್ತು ಕೊಟ್ಟರೆ ತಮ್ಮ ಮೆಚ್ಚಿನ ಬಿಯರ್ ಯಾವುದೆಂದು ಜನರಿಗೆ ಗುರುತಿಸಲಾಗಲಿಲ್ಲ. ಚೀಟಿ ಹಚ್ಚಿ ಕೊಟ್ಟಾಗ ಎಲ್ಲರಿಗೂ ತಮ್ಮದೇ ಮೇಲೆನಿಸಿತು. ಹಾಗಾದರೆ ನಾಲಿಗೆಗೆ ರುಚಿ ಕಲಿಸಿದ್ದು ಚೀಟಿ! (ಬಿಯರಿನ ಮಾತು ಎತ್ತಿದ್ದಕ್ಕೆ ಹಿರಿಯರು ಕ್ಷಮಿಸಬೇಕು. ಚಹಾದಲ್ಲಿ ಇದೇ ಪ್ರಯೋಗ ನಮ್ಮ ಮನೆಗಳಲ್ಲೂ ಮಾಡಬಹುದು.)

ಹೊರಗಿನ ದೇಶದ ಒಂದು ಉದಾಹರಣೆ ಕೊಡಲೇಬೇಕು, ಯಾಕೆಂದರೆ ಅದು ನಮಗೆ ಹೇಳಿ ಮಾಡಿಸಿದಂತಿದೆ. ಸ್ವಿಟ್ಜರ್ಲೆಂಡಿನಲ್ಲಿ 1925ರಲ್ಲಿ ಗಾಟ್ಲೀಬ್ ಡುಟ್‌ವೈಲರ್ ಎಂಬಾತ ಐದು ಲಾರಿಗಳಲ್ಲಿ ಆರು ಸಾಮಾನು ಹೇರಿಕೊಂಡು ಬೀದಿ ಬೀದಿಯಲ್ಲಿ ಅಗ್ಗಕ್ಕೆ ಮಾರಲು ಹೊರಟ. ಕಾಫಿ, ಅಕ್ಕಿ, ಸಕ್ಕರೆ, ಶ್ಯಾವಿಗೆಯಂಥದ್ದು, ಕೊಬ್ಬರಿ ಎಣ್ಣೆ, ಸಾಬೂನು. ಮಿಗ್ರೋ ಎಂದು ಅದರ ಹೆಸರು. ಅಂಗಡಿಕಾರರು ಕೆರಳಿದರು, ಹೆಸರಾಂತ ಕಂಪನಿಗಳು ಅವನಿಗೆ ಮಾಲು ಕೊಡುವುದಿಲ್ಲ ಎಂದವು. ಕೊಡದಿದ್ದರೆ ಬೇಡ, ನಾವೇ ಮಾಡುತ್ತೇವೆ ಎಂದು ಅವನು ಸ್ವಂತ ಕಾರ್ಖಾನೆ ಹಿಡಿದ. 1941ರಲ್ಲಿ ಇಡೀ ಕಂಪನಿಯನ್ನು ಗಿರಾಕಿಗಳದೇ ಸಹಕಾರಿ ಸಂಘವಾಗಿ ಮಾಡಿಬಿಟ್ಟ. ಇವತ್ತು ಆ ದೇಶದ ಅತಿ ದೊಡ್ಡ ಅಂಗಡಿ ಅದೇ, ಅದರಲ್ಲಿ ಮಾರುವ ಮಾಲಿನಲ್ಲಿ ಹೆಚ್ಚಿನದು ಸ್ವಂತ ಹೆಸರಿನದು. ಅಲ್ಲಿನ ಶ್ರೀಮಂತರೂ ಅದನ್ನು ಮುಚ್ಚಿಟ್ಟು ಒಯ್ಯುವುದಿಲ್ಲ. ಇದೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಆ ಪೊಟ್ಟಣದ ಮೇಲಿನ ಅಕ್ಷರ. ಜರ್ಮನ್, ಫ್ರೆಂಚ್, ಇಟಾಲಿಯನ್, ಮೂರೂ ಭಾಷೆ ಒಂದೇ ಚೀಟಿಯಲ್ಲಿ! ಇಡೀ ದೇಶದ ಜನಸಂಖ್ಯೆ ಒಂದು ಕೋಟಿ ಮುಟ್ಟುವುದಿಲ್ಲ, ನಿಮ್ಮ ಬೆಂಗಳೂರಿಗಿಂತ ಕಡಿಮೆ. ಅವರಿಗೆ ಮೂರು ಭಾಷೆಗೆ ಜಾಗ ಸಿಗುತ್ತದೆ. ಆರು ಕೋಟಿಗೂ ಮಿಕ್ಕಿ ಜನ ಇರುವ ಕರ್ನಾಟಕದಲ್ಲಿ ಮಾರುವ ಪೊಟ್ಟಣದಲ್ಲಿ ಕನ್ನಡಕ್ಕೆ ಜಾಗ ಇಲ್ಲವಂತೆ.

ನಮ್ಮಲ್ಲೂ ಜನರ ಒತ್ತಡ ಸರಿದಿಕ್ಕಿಗೆ ತಿರುಗಿದ ಉದಾಹರಣೆ ಇದೆ. 2023ರ ಮಾರ್ಚಿನಲ್ಲಿ ಆಹಾರ ಪ್ರಾಧಿಕಾರ ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಬರೆಯಬೇಕೆಂದಿತು. ಕರ್ನಾಟಕ, ತಮಿಳುನಾಡುಗಳಲ್ಲಿ ಗಲಾಟೆಯಾಯಿತು, ಅದೇ ತಿಂಗಳಲ್ಲಿ ಆದೇಶ ಬದಲಾಯಿತು, 'ಮೊಸರು' ಎಂದೇ ಬರೆಯಲು ದಾರಿಯಾಯಿತು. ಬೆನ್ನಿಗೇ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮೊಸರು ಮಾರಲು ಬರುತ್ತೇನೆಂದಾಗ ಇಡೀ ನಾಡು ನಂದಿನಿಯ ಬೆನ್ನಿಗೆ ನಿಂತಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸುತ್ತೇವೆ ಎಂದಿತು. ಆ ವಾರದಲ್ಲಿ ನಂದಿನಿ ಕೊಳ್ಳದವನಿಗೆ ನಾಚಿಕೆಯಾಗುತ್ತಿತ್ತು! ನಂದಿನಿ ಅಂಗಡಿಯ ಬ್ರ್ಯಾಂಡಲ್ಲ, ಹಾಲು ಕರೆಯುವವರ ಒಕ್ಕೂಟದ್ದು, ನಿಜ. ಆದರೆ ಸಹಕಾರದ ಹೆಸರಿರುವ ಪೊಟ್ಟಣ ಅವಮಾನದ್ದಲ್ಲ ಎಂದು ಅದು ತೋರಿಸಿತು. ಹಾಗೆಂದು ಘೋಷಣೆಯಿಂದಲೇ ಇದಾಯಿತು ಎಂದು ಭ್ರಮಿಸಬೇಡಿ. ಹಾಲು ಚೆನ್ನಾಗಿದೆ, ದರ ಹಿಡಿತದಲ್ಲಿದೆ, ಬೆಳಗಾದರೆ ಬಾಗಿಲಲ್ಲಿ ಸಿಗುತ್ತದೆ. ಆದ್ದರಿಂದ ಘೋಷಣೆ ನಿಂತಿತು. ನಂದಿನಿಯೂ ತನ್ನ ಹೆಚ್ಚು ದಿನ ಬಾಳುವ ಹಾಲಿಗೆ 'ಗುಡ್‌ಲೈಫ್' ಎಂದೇ ಹೆಸರಿಟ್ಟಿದೆ ಎಂಬುದನ್ನೂ ನೆನಪಿಸುತ್ತೇನೆ. ಒಳ್ಳೆಯ ಬಾಳು ಎಂದರೆ ಇಂಗ್ಲಿಷಿನಲ್ಲೇ ಇರಬೇಕೇ?

ಇನ್ನೂ ಹಿಂದಕ್ಕೆ ಹೋಗುತ್ತೇನೆ, ನಮ್ಮ ತಾಲೂಕಿಗೇ. ಕರನಿರಾಕರಣೆಯ ದಿನಗಳಲ್ಲಿ ಸಿದ್ದಾಪುರ, ಅಂಕೋಲೆಯ ರೈತರ ಆಸ್ತಿ ಜಪ್ತಿಯಾಗಿ ಹರಾಜಿಗೆ ಬಂತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ 1932ರಲ್ಲಿ ಮಾವಿನಗುಂಡಿಯಲ್ಲಿ ನಮ್ಮ ಹೆಣ್ಣುಮಕ್ಕಳು ಉಪವಾಸ ಕೂತರು. ಅವರ ಸ್ಮಾರಕ ಇವತ್ತಿಗೂ ಅಲ್ಲಿದೆ, ಜೋಗಕ್ಕೆ ಹೋಗುವಾಗ ನಿಂತು ನೋಡಿ. ಕೊಳ್ಳುವುದು ಎಂಬುದು ಬರೀ ರೊಕ್ಕದ ವ್ಯವಹಾರವಲ್ಲ, ನೆರೆಹೊರೆಯ ಮುಖ ನೋಡಿ ಮಾಡುವ ಕೆಲಸ ಎಂಬುದು ಅವರಿಗೆ ಯಾವ ಮನಶ್ಶಾಸ್ತ್ರಜ್ಞರೂ ಹೇಳಿಕೊಡದೆ ಗೊತ್ತಿತ್ತು. 'ನಾಲ್ಕು ಜನ'ರ ಒತ್ತಡ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆ ನಾಲ್ಕು ಜನ ಯಾರು ಎಂದು ಕೇಳುತ್ತಿದ್ದೇನೆ.

ಹೇಳಲೇ? ನೀವು.

ಸಿಟ್ಟಾಗಬೇಡಿ. ಸೊಸೈಟಿಯ ಕೌಂಟರಿನ ಹತ್ತಿರ ಹಬ್ಬದ ಹಿಂದಿನ ವಾರ ಹೋಗಿ ನಿಂತುಕೊಳ್ಳಿ. ವರ್ಷವಿಡೀ ಸೊಸೈಟಿ ಚಹಾಪುಡಿ ಒಯ್ಯುವ ಆಯಿ ಬರುತ್ತಾಳೆ. 'ಮಾಣಿ ಬೆಂಗಳೂರಿಂದ ಬತ್ತಾ ಇದ್ದ, ಚೊಲೋ ಕಂಪನಿದು ಕೊಡು' ಎನ್ನುತ್ತಾಳೆ. ಸಾಬೂನು ಬದಲಾಗುತ್ತದೆ, ಬಿಸ್ಕತ್ತು ಬದಲಾಗುತ್ತದೆ, ಎಣ್ಣೆಯ ಕ್ಯಾನೂ ಬದಲಾಗುತ್ತದೆ. ಬೀಗರಿಗೆ ಅಂಜುವುದಕ್ಕಿಂತ ಹೆಚ್ಚು ಅವಳು ನಿಮಗೆ ಅಂಜುತ್ತಾಳೆ. ನೀವು ಬಾಯಿಬಿಟ್ಟು ಏನೂ ಅಂದಿರಲಿಕ್ಕಿಲ್ಲ. ಒಂದು ಸಲ ಡಬ್ಬ ನೋಡಿ 'ಇದೆಂತಾ ಆಯಿ, ಇನ್ನೂ ಇದೇನಾ?' ಎಂದು ನಕ್ಕಿರಬಹುದು. ಅಷ್ಟು ಸಾಕು. ಬೆಂಗಳೂರಿನಲ್ಲಿ ಕನ್ನಡ ಬಾವುಟ ಕಟ್ಟಿದ ಬೈಕಿನಲ್ಲಿ ಮೆರವಣಿಗೆ ಹೋಗುವ ಹುಡುಗನ ಸಲುವಾಗಿ ಊರಿನ ಮನೆಯಲ್ಲಿ ಕನ್ನಡದ ಚೀಟಿಯನ್ನು ಕಪಾಟಿನ ಹಿಂದಕ್ಕೆ ಸರಿಸಲಾಗುತ್ತಿದೆ.

ಇಷ್ಟು ಹೇಳಿ ಸೊಸೈಟಿಗಳನ್ನು ಬಿಟ್ಟುಬಿಟ್ಟರೆ ಅನ್ಯಾಯವಾಗುತ್ತದೆ. 'ಸದಸ್ಯರು ಎಲ್ಲಿಗೆ ಹೋಗ್ತ್ರು, ಖಾತೆ ಇಲ್ಲೇ ಇದ್ದಲ' ಎಂಬ ಧೋರಣೆ ಕೆಲವು ಕಡೆ ಇದೆ. ಒಂದು ಲಾಟಿನ ಮೆಣಸಿನ ಪುಡಿ ಕೆಂಪಗೆ, ಇನ್ನೊಂದು ಲಾಟಿನದು ಕಂದು. ಪ್ಯಾಕ್ ಮಾಡಿದ ತಾರೀಖಿನ ಮುದ್ರೆ ಕೈಯಿಂದ ಒರೆಸಿದರೆ ಅಳಿಸುತ್ತದೆ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ತಂಡಿಗೆ ಚೀಟಿ ಬಿಚ್ಚಿಕೊಂಡು, ಯಾವ ಕೊಟ್ಟೆ ಯಾವುದೆಂದು ತಿಳಿಯುವುದಿಲ್ಲ. ಅದಕ್ಕೆ ಒಳ್ಳೆಯ ಅಂಟಿನ ಕಾಗದ ಬೇಕು ಎಂದರೆ 'ಕಡಿಮೆ ರೇಟಿನದೇ ಮಾಡಿಕೊಡಿ' ಎನ್ನುತ್ತಾರೆ. ಜನರ ಅಭಿಪ್ರಾಯ ಎಂಬ ಮೊದಲನೆಯ ತಕ್ಕಡಿ ಇಂಥದ್ದರಿಂದಲೇ ಕೆಳಗಿಳಿಯುವುದು. ಒಂದು ಸಲ ಹುಳ ಕಂಡ ರವೆಯ ಕತೆ ಹತ್ತು ವರ್ಷ ಊರಲ್ಲಿ ಓಡಾಡುತ್ತದೆ. ಕಂಪನಿಯ ರವೆಯಲ್ಲಿ ಹುಳ ಬಿದ್ದರೆ 'ಆ ಪ್ಯಾಕೆಟ್ ಕೆಟ್ಟಿತ್ತು' ಎನ್ನುತ್ತಾರೆ, ಸೊಸೈಟಿ ರವೆಯಲ್ಲಿ ಬಿದ್ದರೆ 'ಸೊಸೈಟಿಯೇ ಹಾಗೆ' ಎನ್ನುತ್ತಾರೆ. ಇದು ಅನ್ಯಾಯವೇ, ಆದರೆ ಅಂಗಡಿ ನಡೆಸುವವನು ಇದನ್ನು ತಿಳಿದೇ ನಡೆಸಬೇಕು. ಕನ್ನಡದ ಹೆಸರು ಹೇಳಿ ಕೆಟ್ಟ ಮಾಲು ಮಾರಿದರೆ ಕನ್ನಡಕ್ಕೆ ಮಾಡಿದ ದ್ರೋಹ ಎಂದು ನಾನು ನೇರವಾಗಿ ಹೇಳುತ್ತೇನೆ.

ಕಾನೂನಿನ ಸ್ಥಿತಿಯನ್ನೂ ತಿಳಿದಿರಿ. ಕೇಂದ್ರದ ನಿಯಮದ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆ ಬೇಕಿದ್ದರೆ ಜತೆಗೆ ಸೇರಿಸಿಕೊಳ್ಳಬಹುದು. ಕನ್ನಡ ಒಂದೇ ಇದ್ದರೆ ಸಾಲದು! ತ್ಯಾಗಲಿಯಲ್ಲಿ ಮಾಡಿ ತ್ಯಾಗಲಿಯಲ್ಲೇ ಮಾರುವ ಹಪ್ಪಳಕ್ಕೂ ಇದೇ ನಿಯಮ. ರಾಜ್ಯ ಸರ್ಕಾರ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ತಂದಿತು. ಅದರ ಮೇಲೆ 2025ರ ಫೆಬ್ರುವರಿಯಲ್ಲಿ, ಕರ್ನಾಟಕದಲ್ಲಿ ತಯಾರಾಗುವ ಸರಕಿನ ಪೊಟ್ಟಣದ ಮೇಲೆ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಆದೇಶ ಹೊರಡಿಸಿತು. ಇಲ್ಲಿ ತಯಾರಾದದ್ದಾದರೆ ದೊಡ್ಡ ಚೈನ್ ಅಂಗಡಿಗಳ ಸ್ವಂತ ಹೆಸರಿನ ಮಾಲಿಗೂ ಇದು ಸಲ್ಲುತ್ತದೆ. ಹೊರಗೆ ತಯಾರಾಗಿ ಇಲ್ಲಿ ಮಾರಾಟವಾಗುವುದಕ್ಕೆ ಸಲ್ಲುವುದಿಲ್ಲ. ಆದೇಶ ಪಾಲನೆಯಾಗಿದೆಯೇ ಎಂದು ನೋಡುವ ಕೆಲಸ ನಿಮ್ಮದು. ಬೆಂಗಳೂರಿಗೆ ಹೋದ ಮೇಲೆ ನೀವು ದಿನಾ ಕೊಳ್ಳುವ ಬೇಳೆಯ ಕೊಟ್ಟೆ ತಿರುಗಿಸಿ ಓದಿ, ಕನ್ನಡ ಇಲ್ಲದಿದ್ದರೆ ಅದರ ಮೇಲೆ ಅಚ್ಚಾಗಿರುವ ಗ್ರಾಹಕ ದೂರಿನ ನಂಬರಿಗೆ ಕರೆ ಮಾಡಿ ಕನ್ನಡದಲ್ಲಿ ಕೇಳಿ. ಆ ನಂಬರನ್ನು ನಾನು ಸಾವಿರಾರು ಚೀಟಿಗಳ ಮೇಲೆ ಅಚ್ಚು ಹಾಕಿದ್ದೇನೆ. ಅದನ್ನು ನೋಡಿ ಕರೆ ಮಾಡಿದವರು ಎಷ್ಟು ಜನ ಎಂದು ಕೈ ಎತ್ತಿಸಿದರೆ ಇಲ್ಲಿ ಯಾರ ಕೈಯೂ ಏಳಲಿಕ್ಕಿಲ್ಲ.

ಊರಿನ ಸೊಸೈಟಿಗೆ ನಾಳೆ ಒಂದು ಸುತ್ತು ಹೋಗಿಬನ್ನಿ. ಆಯಿಯ ಜತೆಗೆ ಹೋಗಿ, ಚಹಾಪುಡಿಯನ್ನು ನೀವೇ ಎತ್ತಿ ಕೊಡಿ. ನಾಲ್ಕು ದಿನ ಕುಡಿದು ನೋಡಿ. ಚೆನ್ನಾಗಿದ್ದರೆ ಬೆಂಗಳೂರಿಗೆ ಎರಡು ಕೊಟ್ಟೆ ಒಯ್ಯಿರಿ, ರೂಮಿನಲ್ಲಿ ಚೀಟಿ ಕಾಣುವಂತೆ ಇಡಿ. ಚೆನ್ನಾಗಿಲ್ಲದಿದ್ದರೆ ಏನು ಚೆನ್ನಾಗಿಲ್ಲ ಎಂದು ಒಂದು ಕಾಗದದಲ್ಲಿ ಬರೆದು ಮ್ಯಾನೇಜರ ಕೈಗೆ ಕೊಟ್ಟು ಸಹಿ ತೆಗೆದುಕೊಳ್ಳಿ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಅದನ್ನು ಎತ್ತುವ ಹಕ್ಕು ನಿಮ್ಮಪ್ಪನಿಗಿದೆ, ಷೇರುದಾರ ಅವನು. ಮುಂಬಯಿಯ ಕಂಪನಿಯ ಸಭೆಯಲ್ಲಿ ನಿಮ್ಮ ಮೆಣಸಿನ ಪುಡಿಯ ಮಾತು ಕೇಳುವವರು ಯಾರಿದ್ದಾರೆ?

ಸಿದ್ದಾಪುರದ ಬಸ್ಸಿಗೆ ಇನ್ನೂ ಹೊತ್ತಿದೆ. ನಾನು ತಂದ ಚೀಟಿಗಳ ಮಾದರಿ ಅಲ್ಲಿ ಮೇಜಿನ ಮೇಲಿವೆ, ಕನ್ನಡ ದೊಡ್ಡದಿರುವವು, ಇಂಗ್ಲಿಷ್ ದೊಡ್ಡದಿರುವವು, ಎರಡೂ. ಕೈಯಲ್ಲಿ ಹಿಡಿದು ನೋಡಿ. ಪ್ರಶ್ನೆ ಇದ್ದವರು ಕೇಳಿ.